ವಿಭವ: ಎಲ್ಲಿಂದ ಎಣಿಕೆ?

ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ ವಿದ್ಯುತ್ತಿನ ಪಾಠ ಬಂದೊಡನೆ ಎರಡು ಮಾತು ಎದುರಾಗುತ್ತವೆ: ವಿಭವ, ವಿಭವಾಂತರ. ಶಹಾಪುರದ ಮಕ್ಕಳಾಗಲಿ ಸುರಪುರದ ಮಕ್ಕಳಾಗಲಿ ಈ ಮಾತನ್ನು ಮನೆಯಲ್ಲಿ ಕೇಳಿರುವುದಿಲ್ಲ. ಮನೆಯಲ್ಲಿ ಇರುವುದು ಕರೆಂಟು. ಹೊಲದ ಮೋಟರು ನೀರೆತ್ತದಿದ್ದರೆ 'ಓಲ್ಟೇಜ್ ಇಲ್ಲ', ಬಲ್ಬು ಮಂಕಾದರೆ 'ಡಿಮ್ ಆಗ್ಯದ'. ವಿಭವ ಪರೀಕ್ಷೆಯ ಮಾತು. ವಿಭವಾಂತರ ಎಂದರೆ ಏಕಮಾನ ಆವೇಶವನ್ನು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಒಯ್ಯಲು ಮಾಡಬೇಕಾದ ಕೆಲಸ ಎಂದು ಬಾಯಿಪಾಠ ಮಾಡಿ, ಎರಡು ಅಂಕ ಪಡೆದು, ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಅದೇ ಹುಡುಗ ಅಥವಾ ಹುಡುಗಿ ಬಿಎಸ್ಸಿ ಮುಗಿಸಿ, ಸೈದಾಪುರದ ಹತ್ತಿರದ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರ ಪರೀಕ್ಷಾ ಕೋಣೆಗೆ ಸೇರಿದರೆ, ಆ ವಿಭವವನ್ನೇ ದಿನವೂ ಅಳೆಯಬೇಕಾಗುತ್ತದೆ. ಅಲ್ಲಿ ಅದರ ಹೆಸರು 'ಎಂವಿ'. 'ಎಂವಿ ನಿಂದರವಲ್ದ್ರಿ ಸರ್' ಎಂದರೆ ಮೀಟರಿನ ಮಿಲಿವೋಲ್ಟ್ ಅಂಕಿ ಒಂದೆಡೆ ನಿಲ್ಲುತ್ತಿಲ್ಲ ಎಂದು. ಪುಸ್ತಕದ ವಿಭವಕ್ಕೂ ಈ ಎಂವಿಗೂ ನಂಟಿದೆ ಎಂದು ಅಲ್ಲಿ ಯಾರೂ ಎತ್ತಿ ಆಡುವುದಿಲ್ಲ. ನನಗೆ ಇದು ನಷ್ಟವಾಗಿ ಕಾಣುತ್ತದೆ. ಈ ಮಾತಿನ ಹಿಂದೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ನಡಿಗೆ ಇದೆ. ಅದರಲ್ಲಿ ಬಹುಪಾಲನ್ನು ಯಾದಗಿರಿಯ ಸುತ್ತಮುತ್ತಲೇ ಹೆಜ್ಜೆ ಹಿಡಿದು ಹೋಗಿ ನೋಡಬಹುದು.

ಸಂಸ್ಕೃತದ 'ಭೂ' ಎಂಬ ಧಾತುವಿಗೆ ಆಗು, ಇರು ಎಂಬ ಅರ್ಥ. ಭವ, ಭಾವ, ಅನುಭವ, ಸಂಭವ, ಪ್ರಭಾವ ಎಲ್ಲವೂ ಅದರ ಮಕ್ಕಳು. ಅದಕ್ಕೆ 'ವಿ' ಸೇರಿದಾಗ ತೊಡಕು ಹುಟ್ಟುತ್ತದೆ. ವಿಯೋಗ, ವಿಮುಖ ಎಂಬಲ್ಲಿ 'ವಿ' ಬೇರ್ಪಡಿಸುತ್ತದೆ. ವಿಸ್ತಾರ, ವಿಖ್ಯಾತಿ ಎಂಬಲ್ಲಿ ಹರಡುತ್ತದೆ, ಹೆಚ್ಚಿಸುತ್ತದೆ. ಹರಡುವ 'ವಿ' ಹಿಡಿದವರಿಗೆ ವಿಭವ ಎಂದರೆ ಎಲ್ಲೆಡೆ ವ್ಯಾಪಿಸಿ ನಿಲ್ಲುವ ಬಲ. ಎಲ್ಲೆಡೆ ಇರುವವನು ವಿಭು. ಅವನ ಹೆಚ್ಚುಗಾರಿಕೆ ವಿಭೂತಿ. ಆ ಬಲ ಕಣ್ಣಿಗೆ ಕಾಣುವಂತೆ ಮೆರೆದರೆ ವೈಭವ. ಬಲದಿಂದ ಸಿರಿಗೆ ಅರ್ಥ ಜಾರಿದ್ದು ಬೇಗನೆ ಆಗಿರಬೇಕು. ಅಮರಕೋಶ ಹಣಕ್ಕೆ ಪರ್ಯಾಯಗಳನ್ನು ಪೋಣಿಸುವಾಗ ದ್ರವ್ಯ, ವಿತ್ತ, ಧನ, ವಸು, ಹಿರಣ್ಯ ಎಂದು ಸಾಗಿ ಕೊನೆಗೆ ವಿಭವವನ್ನು ಇಡುತ್ತದೆ. ಅಂದರೆ ಆ ಕೋಶ ಬರೆದ ಅಮರಸಿಂಹನಿಗೆ ಧನವೂ ವಿಭವವೂ ಒಂದೇ ಅರ್ಥದ ಎರಡು ಮಾತು. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಬೇರ್ಪಡಿಸುವ 'ವಿ' ಹಿಡಿದವರು ಬೌದ್ಧರು. ಬುದ್ಧನ ಮೊದಲ ಉಪದೇಶದಲ್ಲಿ ದುಃಖಕ್ಕೆ ಕಾರಣವಾದ ಮೂರು ತೃಷ್ಣೆಗಳು ಬರುತ್ತವೆ: ಕಾಮದ ತೃಷ್ಣೆ, ಭವದ ತೃಷ್ಣೆ, ವಿಭವದ ತೃಷ್ಣೆ. ಭವ ಎಂದರೆ ಇರುವುದು. ವಿಭವ ಎಂದರೆ ಇಲ್ಲವಾಗುವುದು, ಅಳಿದುಹೋಗುವುದು. ಪಾಲಿಯ ಈ ವಿಭವ ಸಂಸ್ಕೃತದ ವಿಭವಕ್ಕೆ ನೇರ ಎದುರು ನಿಲ್ಲುತ್ತದೆ. ಶಹಾಪುರಕ್ಕೆ ದೂರವಲ್ಲದ ಸನ್ನತಿಯಲ್ಲಿ, ಭೀಮೆಯ ದಡದಲ್ಲಿ, ಅಶೋಕನ ಶಾಸನಗಳು ಸಿಕ್ಕಿವೆ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೇ ಇದೆ. ಅಷ್ಟು ದೊಡ್ಡ ಬೌದ್ಧ ನೆಲೆಯಲ್ಲಿ ಮೊದಲ ಉಪದೇಶದ ಮಾತುಗಳು ಕಿವಿಗೆ ಬೀಳದೆ ಇರಲಾರವು. ಶಹಾಪುರದ ಗುಡ್ಡಗಳ ಸಾಲನ್ನು ದೂರದಿಂದ ನೋಡಿ ಮಲಗಿದ ಬುದ್ಧ ಎಂದು ಜನ ಗುರುತಿಸುತ್ತಾರೆ. ಆ ಗುಡ್ಡದ ಆಚೀಚೆಯ ಊರುಗಳಲ್ಲಿ ಒಂದು ಕಾಲಕ್ಕೆ ವಿಭವ ಎಂದರೆ ಇಲ್ಲವಾಗುವಿಕೆ. ಇನ್ನೊಂದು ಕಾಲಕ್ಕೆ ಅರಸನ ಬೊಕ್ಕಸ.

ಕನ್ನಡದಲ್ಲಿ ಗೆದ್ದದ್ದು ಬೊಕ್ಕಸದ ವಿಭವ. ಹಳಗನ್ನಡ ಕಾವ್ಯಗಳಲ್ಲೂ ಶಾಸನಗಳ ಪ್ರಶಸ್ತಿ ಭಾಗಗಳಲ್ಲೂ ಅದು ಸಿರಿ, ಮೆರೆತ, ದೊಡ್ಡಸ್ತಿಕೆ. ಸಂವತ್ಸರದ ಹೆಸರಾಗಿಯೂ ಅದು ಕಲ್ಲಿಗೆ ಏರಿತು: ಅರವತ್ತರ ಚಕ್ರದಲ್ಲಿ ಪ್ರಭವ ಮೊದಲನೆಯದು, ವಿಭವ ಎರಡನೆಯದು. ಸುರಪುರ ಸೀಮೆಯ ಏವೂರಿನಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದ, 1077ರ ಶಾಸನವೊಂದಿದೆ. ಕಲ್ಯಾಣದ ಚಾಲುಕ್ಯರ ವಂಶಾವಳಿಯನ್ನು ಇತಿಹಾಸಕಾರರು ಜೋಡಿಸಿಕೊಂಡ ಮುಖ್ಯ ಆಧಾರಗಳಲ್ಲಿ ಅದೂ ಒಂದು. ಅದು ಪಿಂಗಳ ಸಂವತ್ಸರ, ಚಾಲುಕ್ಯ ವಿಕ್ರಮ ವರ್ಷದ 2ನೆಯದು. ಅದೇ ಎಣಿಕೆಯಲ್ಲಿ ಮುಂದೆ ಹೋದರೆ 13ನೆಯ ವರ್ಷ, ಅಂದರೆ 1088–89, ವಿಭವ. ನಮ್ಮ ಕಾಲದ ಕಡೆಯ ವಿಭವ 1988ರ ಯುಗಾದಿಗೆ ಬಂದು ಹೋಯಿತು.

ಸುರಪುರದ ದಾರಿ ಬೇರೆ. ಅಲ್ಲಿನ ನಾಯಕ ಅರಸರ ಆಸ್ಥಾನದಲ್ಲಿ ಶ್ರೀವೈಷ್ಣವ ವಿದ್ವಾಂಸರಿದ್ದರು, ಗುರುಗಳಿದ್ದರು. ಶ್ರೀವೈಷ್ಣವರ ಮಾತಿನಲ್ಲಿ ದೇವರಿಗೆ ಐದು ನೆಲೆ: ಪರ, ವ್ಯೂಹ, ವಿಭವ, ಅಂತರ್ಯಾಮಿ, ಅರ್ಚಾ. ಇಲ್ಲಿ ವಿಭವ ಎಂದರೆ ಅವತಾರ. ಮೇಲಿದ್ದ ಬಲ ಒಂದು ಕಾಲದಲ್ಲಿ, ಒಂದು ಊರಿನಲ್ಲಿ ಇಳಿದು ಬಂದು ಕೆಲಸ ಮಾಡುವುದು. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಕಂಬ ಏರುವುದನ್ನು ನೋಡಲು ಸುತ್ತಲಿನ ಹಳ್ಳಿಗಳು ಸೇರುತ್ತವೆ. ಗುಡಿಯ ಮೂರ್ತಿ ಅರ್ಚಾ. ಆ ಮೂರ್ತಿ ತೋರಿಸುವ ಕೃಷ್ಣ ವಿಭವ. ನಾನು ಬಲ್ಲ ಅರ್ಥಗಳಲ್ಲಿ ಭೌತವಿಜ್ಞಾನಕ್ಕೆ ತೀರ ಹತ್ತಿರ ಬರುವುದು ಇದೇ. ಎಲ್ಲೆಡೆ ಇರುವುದನ್ನು ಹಾಗೇ ಹಿಡಿಯಲು ಬರುವುದಿಲ್ಲ. ಅದು ಮೇಲಿನಿಂದ ಕೆಳಗೆ ಇಳಿದಾಗ ಮಾತ್ರ ಕೆಲಸ ಕಾಣುತ್ತದೆ. ವಿದ್ಯುತ್ ವಿಭವದ ನಡತೆಯೂ ಹಾಗೆಯೇ.

ಇನ್ನೊಂದು ಕವಲು ಹಣೆಯ ಮೇಲೆಯೇ ಉಳಿದಿದೆ. ವಿಭೂತಿಯೂ ವಿಭವವೂ ಒಂದೇ ತಾಯಿಯ ಮಕ್ಕಳು. ನಮ್ಮ 'ಬೂದಿ' ಕೂಡ 'ಭೂತಿ'ಯ ತದ್ಭವ. ವೀರಶೈವ ಗ್ರಂಥಗಳು ಭಸ್ಮಕ್ಕೆ ಐದು ಹೆಸರು ಹೇಳುತ್ತವೆ: ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷೆ. ನಾಲ್ಕನೆಯದರ ಮೇಲೆ ಕಣ್ಣಿಡಬೇಕು. ಶಾಲೆಯ ರಸಾಯನ ಪಾಠದಲ್ಲಿ ನೀರಿನಲ್ಲಿ ಕರಗುವ ಪ್ರತ್ಯಾಮ್ಲಕ್ಕೆ ಇಟ್ಟ ಹೆಸರೂ ಕ್ಷಾರವೇ. ಇಂಗ್ಲಿಷಿನ 'ಆಲ್ಕಲಿ' ಅರಬ್ಬಿಯಿಂದ ಬಂದದ್ದು, ಸುಟ್ಟ ಗಿಡದ ಬೂದಿ ಎಂದೇ ಅದರ ಮೂಲ ಅರ್ಥ. ಶಹಾಪುರದ ರೈತ ಗೊಬ್ಬರದ ಅಂಗಡಿಯಲ್ಲಿ ಕೇಳುವ 'ಪೊಟ್ಯಾಷ್' ಕೂಡ ಬೂದಿಯ ನೀರನ್ನು ಮಡಕೆಯಲ್ಲಿ ಬತ್ತಿಸಿದಾಗ ಉಳಿಯುವುದರ ಹೆಸರು. ವಿಭವ ಅಳೆಯುವ ಕೋಣೆಯಲ್ಲಿ ಈ ಬೂದಿಯ ಬಳಗವೆಲ್ಲ ಮತ್ತೆ ಒಂದಾಗಿ ಸೇರುತ್ತದೆ.

ಅಲ್ಲಿಗೆ ಹೋಗುವ ಮುಂಚೆ, ವಿದ್ಯುತ್ತಿಗೂ ಈ ಮಾತಿಗೂ ಗಂಟು ಬಿದ್ದದ್ದು ಹೇಗೆ ಎಂಬುದನ್ನು ನೋಡಬೇಕು. ಕಿಟ್ಟೆಲ್ಲರ 1894ರ ನಿಘಂಟಿನ ಕಾಲಕ್ಕೆ ಕನ್ನಡದ ವಿಭವಕ್ಕೆ ವಿದ್ಯುತ್ತಿನ ಅರ್ಥ ಇನ್ನೂ ಅಂಟಿರಲಿಲ್ಲ. ಯುರೋಪಿನಲ್ಲಿ 'ಪೊಟೆನ್ಶಿಯಲ್' ಎಂಬ ಹೆಸರನ್ನು ವಿದ್ಯುತ್ತಿನ ಗಣಿತಕ್ಕೆ ಇಟ್ಟವನು ಜಾರ್ಜ್ ಗ್ರೀನ್, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಹಿಟ್ಟಿನ ಗಿರಣಿಯವನು. ತನ್ನ ಪ್ರಬಂಧವನ್ನು 1828ರಲ್ಲಿ ಚಂದಾದಾರರ ನೆರವಿನಿಂದ ತಾನೇ ಅಚ್ಚು ಹಾಕಿಸಿದ. ಲ್ಯಾಟಿನಿನ ಮೂಲ ಪದಕ್ಕೆ ಬಲ, ಮಾಡಬಲ್ಲ ಶಕ್ತಿ ಎಂಬ ಅರ್ಥ. ಭಾರತೀಯ ಭಾಷೆಗಳಿಗೆ ಪಾರಿಭಾಷಿಕ ಪದ ಕಟ್ಟಿದವರು ಸಂಸ್ಕೃತದಲ್ಲಿ ಹುಡುಕಿ ವಿಭವವನ್ನು ಎತ್ತಿಕೊಂಡರು; ಹಿಂದಿಯಲ್ಲೂ ಅದೇ ಮಾತು ನಡೆಯುತ್ತದೆ. ಕನ್ನಡ ಇಂಗ್ಲಿಷಿನ ಒಂದು ಪದವನ್ನು ಮೂರಾಗಿ ಒಡೆಯಿತು. ಮನುಷ್ಯನಲ್ಲಿದ್ದರೆ ಅದು ಸಾಮರ್ಥ್ಯ, ಎತ್ತರದ ಕಲ್ಲಿನಲ್ಲಿದ್ದರೆ ಪ್ರಚ್ಛನ್ನ ಶಕ್ತಿ, ತಂತಿಯಲ್ಲಿದ್ದರೆ ವಿಭವ. ಈ ಒಡೆತ ಒಳ್ಳೆಯದೇ ಆಯಿತು ಎಂದು ನನ್ನ ಎಣಿಕೆ, ಏಕೆಂದರೆ ಶಕ್ತಿಯೂ ವಿಭವವೂ ಒಂದೇ ಅಲ್ಲ. ಮೊದಲನೆಯದನ್ನು ಜೂಲಿನಲ್ಲಿ ಅಳೆದರೆ ಎರಡನೆಯದನ್ನು ವೋಲ್ಟಿನಲ್ಲಿ, ಅಂದರೆ ಒಂದು ಕೂಲಮ್ ಆವೇಶಕ್ಕೆ ಎಷ್ಟು ಜೂಲು ಎಂಬ ಲೆಕ್ಕದಲ್ಲಿ ಅಳೆಯುತ್ತೇವೆ.

ಆದರೆ ಸಿರಿಯ ಹಳೆಯ ವಾಸನೆ ಪದದಿಂದ ಹೋಗಲಿಲ್ಲ. ಅದು ವಿದ್ಯಾರ್ಥಿಯನ್ನು ದಾರಿ ತಪ್ಪಿಸುತ್ತದೆ. ವಿಭವ ಎಂದರೆ ಬ್ಯಾಟರಿಯೊಳಗೆ ತುಂಬಿಟ್ಟ ಏನೋ ಸಂಪತ್ತು ಎಂದು ಮಕ್ಕಳು ತಿಳಿಯುತ್ತಾರೆ. ಹಾಗಿದ್ದ ಮೇಲೆ ಋಣ ವಿಭವ ಎಂದರೇನು? ಅಮರಸಿಂಹನ ಮುಂದೆ 'ಧನ ವಿಭವ, ಋಣ ವಿಭವ' ಎಂದರೆ ಮೊದಲನೆಯದು ಅವನಿಗೆ ಪುನರುಕ್ತಿ, ಎರಡನೆಯದು ಸಾಲದ ಸಿರಿ. ಇಲ್ಲಿ ನಮ್ಮ ನೆರೆಯ ಮಳಖೇಡ ನೆರವಿಗೆ ಬರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಅದು. ಅಲ್ಲಿನ ಅರಸ ನೃಪತುಂಗನನ್ನು ಹೊಗಳಿ ಒಂಬತ್ತನೆಯ ಶತಮಾನದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಧನ–ಋಣಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದ್ದಾನೆ. ಋಣಕ್ಕೆ ವರ್ಗಮೂಲವಿಲ್ಲ ಎಂದೂ ಗುರುತಿಸಿದ್ದಾನೆ. ಅವನಿಗಿಂತ ಮೊದಲು, 628ರಲ್ಲಿ, ಬ್ರಹ್ಮಗುಪ್ತ ಇಂಥ ನಿಯಮಗಳನ್ನು ಕಟ್ಟಿದ್ದ. ಅವರ ಕೈಯಲ್ಲಿ ಧನವೂ ಋಣವೂ ಚೀಲದ ಹಣವಾಗಿ ಉಳಿಯದೆ ಸೊನ್ನೆಯ ಈಚೆಯ ಮತ್ತು ಆಚೆಯ ಎಣಿಕೆಯಾದವು. ಋಣ ವಿಭವ ಎಂಬುದರಲ್ಲಿ ಯಾವ ಬಡತನವೂ ಇಲ್ಲ. ನಾವು ಸೊನ್ನೆ ಎಂದು ಒಪ್ಪಿದ ಕಡೆಯಿಂದ ಅದು ಆಚೆಗಿದೆ, ಅಷ್ಟೇ. ಹಾಗಾದರೆ ಸೊನ್ನೆಯನ್ನು ಯಾರು, ಎಲ್ಲಿ ಇಟ್ಟರು ಎಂದು ಕೇಳದೆ ವಿಭವದ ಯಾವ ಅಂಕಿಯನ್ನೂ ಓದಲಾಗದು.

ಈ ಪ್ರಶ್ನೆ ನೀರಿನ ದ್ರಾವಣದಲ್ಲಿ ವಿಭವ ಅಳೆಯುವಾಗ ಅಷ್ಟಾಗಿ ಕಾಡುವುದಿಲ್ಲ. ಹೈಡ್ರೋಜನ್ ವಿದ್ಯುದಗ್ರದ ವಿಭವ ಸೊನ್ನೆ ಎಂದು ಜಗತ್ತು ಒಪ್ಪಿಕೊಂಡಿದೆ. ಉಳಿದದ್ದೆಲ್ಲ ಅದರಿಂದ ಎಣಿಕೆ. ನೀರು ಬಿಟ್ಟಾಗ ತೊಡಕು. ಕಡೇಚೂರಿನಂಥ ಕಡೆ ತಯಾರಾಗುವ ಬಲ್ಕ್ ಡ್ರಗ್‌ಗಳ ಪರೀಕ್ಷೆಯಲ್ಲಿ ಜಲೇತರ ದ್ರಾವಣ, ಅಂದರೆ ನೀರಲ್ಲದ ದ್ರಾವಕದಲ್ಲಿ ಮಾಡಿದ ದ್ರಾವಣ, ದಿನನಿತ್ಯದ ಮಾತು. ಆಮಶಂಕೆಗೆ ಕೊಡುವ ಮೆಟ್ರೋನಿಡಜೋಲ್ ಮಾತ್ರೆ ಎಲ್ಲರಿಗೂ ಗೊತ್ತು. ಅದರ ಪುಡಿ ಶುದ್ಧವೇ ಎಂದು ತಿಳಿಯಲು 0.150 ಗ್ರಾಂ ತೂಗಿ, ನೀರಿಲ್ಲದ ಅಸಿಟಿಕ್ ಆಮ್ಲ 50 ಮಿಲಿಲೀಟರಿನಲ್ಲಿ ಕರಗಿಸಿ, ಪರ್‌ಕ್ಲೋರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಡುತ್ತಾರೆ; ಇದೇ ಟೈಟ್ರೇಷನ್. ಬೀಕರಿನಲ್ಲಿ ಎಲೆಕ್ಟ್ರೋಡ್, ಅಂದರೆ ವಿದ್ಯುದಗ್ರ, ಮುಳುಗಿರುತ್ತದೆ. ಹನಿ ಬಿದ್ದಂತೆ ಎಂವಿ ನಿಧಾನಕ್ಕೆ ಸರಿಯುತ್ತಾ ಹೋಗಿ, ಒಂದು ಹಂತದಲ್ಲಿ ಒಂದೆರಡು ಹನಿಗೇ ಎತ್ತರಕ್ಕೆ ಜಿಗಿಯುತ್ತದೆ. ಜಿಗಿತದ ನಡುಬಿಂದು ಎಂಡ್ ಪಾಯಿಂಟ್. 0.1 ಮೋಲಾರ್ ಆಮ್ಲದ ಪ್ರತಿ ಮಿಲಿಲೀಟರಿಗೆ 17.12 ಮಿಲಿಗ್ರಾಂ ಮೆಟ್ರೋನಿಡಜೋಲ್. ಪುಡಿ ಪೂರ್ತಿ ಶುದ್ಧವಾಗಿದ್ದರೆ ಸುಮಾರು 8.76 ಮಿಲಿಲೀಟರಿಗೆ ಜಿಗಿತ ಬರಬೇಕು.

ನೀರಿನಲ್ಲಿ ಮಾಡಿದರೇನು? ಜಿಗಿತ ಕಾಣುವುದಿಲ್ಲ. ಮೆಟ್ರೋನಿಡಜೋಲ್ ಬಹಳ ದುರ್ಬಲ ಪ್ರತ್ಯಾಮ್ಲ. ಬಿಟ್ಟ ಆಮ್ಲದ ಪ್ರೋಟಾನನ್ನು ನೀರೇ ಮೊದಲು ಕಸಿದುಕೊಳ್ಳುತ್ತದೆ. ಅಸಿಟಿಕ್ ಆಮ್ಲಕ್ಕೆ ಪ್ರೋಟಾನಿನ ಆಸೆ ಕಡಿಮೆ. ಅದರ ನಡುವೆ ಈ ದುರ್ಬಲ ಪ್ರತ್ಯಾಮ್ಲವೂ ಬಲವುಳ್ಳದ್ದಾಗಿ ನಡೆಯುತ್ತದೆ. ಹೀಗಾಗುತ್ತದೆಂದು ವಿಭವ ಅಳೆದೇ ತೋರಿಸಿದವರು ಅಮೆರಿಕದ ನಾರಿಸ್ ಹಾಲ್ ಮತ್ತು ಜೇಮ್ಸ್ ಕೊನಾಂಟ್. 1927ರಲ್ಲಿ ಅವರು ನೀರಿಲ್ಲದ ಅಸಿಟಿಕ್ ಆಮ್ಲದಲ್ಲಿ ಕ್ಲೋರಾನಿಲ್ ಎಂಬ ವಿದ್ಯುದಗ್ರ ಇಳಿಸಿ, ದುರ್ಬಲ ಪ್ರತ್ಯಾಮ್ಲಗಳ ಬಲ ಅಳೆದರು. ಆ ದ್ರಾವಣಗಳನ್ನು ಅತ್ಯಾಮ್ಲ ಎಂಬ ಅರ್ಥದ ಹೆಸರಿನಿಂದ ಕರೆದರು. ಪಂಚಾಂಗದಲ್ಲಿ ಆ ವರ್ಷ ಪ್ರಭವ. ಮುಂದಿನ ಯುಗಾದಿಗೆ ವಿಭವ ಬಂತು. ಆಕಸ್ಮಿಕವೇ, ಆದರೂ ಪದದ ಹಿಂದೆ ಹೊರಟವನ ಕಣ್ಣಿಗೆ ಬೀಳದೆ ಹೋಗುವುದಿಲ್ಲ.

ಈ ಕೆಲಸದಲ್ಲಿ ನೀರು ಶತ್ರು. ಶೇಕಡಾ 72ರ ಪರ್‌ಕ್ಲೋರಿಕ್ ಆಮ್ಲದಲ್ಲಿ ಉಳಿದದ್ದು ನೀರೇ. ಅದಕ್ಕೇ ಒಂದು ಲೀಟರ್ ತಯಾರಿಸುವಾಗ 8.5 ಮಿಲಿಲೀಟರ್ ಆಮ್ಲವನ್ನು ಅಸಿಟಿಕ್ ಆಮ್ಲಕ್ಕೆ ಬೆರೆಸಿ, 30 ಮಿಲಿಲೀಟರಿನಷ್ಟು ಅಸಿಟಿಕ್ ಅನ್‌ಹೈಡ್ರೈಡ್ ಸೇರಿಸಿ, 24 ಗಂಟೆ ಬಿಡುತ್ತಾರೆ. ಅನ್‌ಹೈಡ್ರೈಡ್ ಆ ನೀರನ್ನು ತಿಂದು ತಾನೂ ಅಸಿಟಿಕ್ ಆಮ್ಲವಾಗುತ್ತದೆ. ಎಲೆಕ್ಟ್ರೋಡಿನ ಒಳಗೂ ಬದಲಾವಣೆ ಬೇಕು. ಮಾಮೂಲಿ ಎಲೆಕ್ಟ್ರೋಡಿನಲ್ಲಿ ಆಧಾರವಾಗಿ ನಿಲ್ಲುವುದು ಪೊಟ್ಯಾಸಿಯಂ ಕ್ಲೋರೈಡಿನ ನೀರು, ಅಂದರೆ ಶಹಾಪುರದ ಹೊಲಕ್ಕೆ ಬೀಳುವ ಆ ಪೊಟ್ಯಾಷೇ. ಅದು ಪರ್‌ಕ್ಲೋರೇಟಿಗೆ ತಾಗಿದೊಡನೆ ಬಿಳಿಯ ಹರಳಾಗಿ ಸಣ್ಣ ರಂಧ್ರದಲ್ಲಿ ಕಟ್ಟಿಕೊಳ್ಳುತ್ತದೆ, ಎಂವಿ ಅಲೆದಾಡತೊಡಗುತ್ತದೆ. ಅದಕ್ಕೆ ಬದಲಾಗಿ ಎಥನಾಲಿನಲ್ಲೋ ಅಸಿಟಿಕ್ ಆಮ್ಲದಲ್ಲೋ ಕರಗಿಸಿದ ಲಿಥಿಯಂ ಕ್ಲೋರೈಡ್ ತುಂಬುತ್ತಾರೆ. ಇಷ್ಟಾದರೂ ಗಾಜಿನ ಬುಡ್ಡಿ ಮುನಿಯುತ್ತದೆ: ಅದರ ಮೈಮೇಲಿನ ತೆಳು ನೀರಿನ ಪದರವನ್ನು ಅಸಿಟಿಕ್ ಆಮ್ಲ ಹೀರುತ್ತಾ ಹೋಗುತ್ತದೆ, ಉತ್ತರ ಕೊಡುವುದು ತಡವಾಗುತ್ತದೆ. ನಡುನಡುವೆ ತೆಗೆದು ನೀರಿನಲ್ಲಿ ಇಟ್ಟು ಸುಧಾರಿಸಬೇಕು. ನೀರನ್ನು ದೂರವಿಡುವ ಅಳತೆಗೂ ಅಷ್ಟು ನೀರು ಬೇಕೇ ಬೇಕು.

ಯಾದಗಿರಿಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಸಿಟಿಕ್ ಆಮ್ಲ ಒಂದು ಡಿಗ್ರಿಗೆ 0.0011ರಷ್ಟು ಹಿಗ್ಗುತ್ತದೆ, ನೀರಿಗಿಂತ ಎಷ್ಟೋ ಹೆಚ್ಚು. ಬೆಳಿಗ್ಗೆ ಎಸಿ ಇದ್ದಾಗ ಆಮ್ಲದ ಬಲ ಗುರುತಿಸಿ, ಮಧ್ಯಾಹ್ನ ಕರೆಂಟು ಹೋಗಿ ಕೋಣೆ 10 ಡಿಗ್ರಿ ಏರಿದ ಮೇಲೆ ಅದೇ ಆಮ್ಲ ಬಳಸಿದರೆ ಶೇಕಡಾ 1.1ರಷ್ಟು ತಪ್ಪು. ಪುಡಿಯ ಶುದ್ಧತೆಗೆ ಇರುವ ಮಿತಿ ಶೇಕಡಾ 99ರಿಂದ 101. ಒಳ್ಳೆಯ ಪುಡಿಯನ್ನು ಕೆಟ್ಟದ್ದು ಎನ್ನಲು, ಕೆಟ್ಟದ್ದನ್ನು ಒಳ್ಳೆಯದು ಎನ್ನಲು ಅಷ್ಟು ಸಾಕು. ತಾಪಮಾನ ಬರೆದುಕೊಂಡು ತಿದ್ದುಪಡಿ ಹಾಕುವವರ ಶಿಸ್ತಿಗೆ ನಾನು ತಲೆಬಾಗುತ್ತೇನೆ. ಆ ಮಾತ್ರೆ ಯಾವ ಊರಿನ ಯಾವ ಮಗುವಿನ ಹೊಟ್ಟೆ ಸೇರುತ್ತದೋ ಅವರಿಗೆ ಗೊತ್ತಿರುವುದಿಲ್ಲ.

ಟೈಟ್ರೇಷನ್ನಿಗೆ ಜಿಗಿತ ಎಲ್ಲಿ ಎಂದು ಸಿಕ್ಕರೆ ಸಾಕು, ಎಂವಿಯ ನಿಜವಾದ ಬೆಲೆ ಬೇಕಿಲ್ಲ. ಸಂಶೋಧಕರಿಗೆ ಬೇಕು. ಅಸಿಟೋನೈಟ್ರೈಲಿನಲ್ಲಿ ಒಬ್ಬರು ಅಳೆದದ್ದನ್ನು ಇನ್ನೊಂದು ದ್ರಾವಕದಲ್ಲಿ ಇನ್ನೊಬ್ಬರು ಅಳೆದದ್ದಕ್ಕೆ ಹೋಲಿಸಬೇಕಾಗುತ್ತದೆ. ಇದರ ತೊಡಕನ್ನು ನೀರಿನ ಮಟ್ಟದ ಹೋಲಿಕೆಯಿಂದ ತಿಳಿಯಬಹುದು. ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ ನೀರು ಭರ್ತಿಯಾದಾಗ ಮಟ್ಟ 492.25 ಮೀಟರ್ ಎನ್ನುತ್ತಾರೆ. ಅಣೆಕಟ್ಟು ಅಷ್ಟು ಎತ್ತರವಿಲ್ಲ. ಅದು ಸಮುದ್ರಮಟ್ಟದಿಂದ ಮಾಡಿದ ಎಣಿಕೆ. ಸುರಪುರದ ಕಾಲುವೆಗೂ ಶಹಾಪುರದ ತೂಬಿಗೂ ಅದೇ ಸಮುದ್ರ ಸೊನ್ನೆ ಆದ್ದರಿಂದ ಯಾವ ಮಟ್ಟವನ್ನು ಯಾವುದಕ್ಕೆ ಹೋಲಿಸಿದರೂ ತಪ್ಪಾಗದು. ಜಲೇತರ ದ್ರಾವಕಗಳಲ್ಲಿ ಒಂದೊಂದಕ್ಕೂ ಅದರದೇ ಸಮುದ್ರ. ಎರಡು ದ್ರಾವಕ ತಾಗುವ ಗಡಿಯಲ್ಲೂ ಒಂದಿಷ್ಟು ವಿಭವ ತಾನಾಗಿ ಹುಟ್ಟುತ್ತದೆ, ಅದನ್ನು ಬೇರೆಯಾಗಿ ಅಳೆಯಲು ನೇರ ದಾರಿಯಿಲ್ಲ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 78, ಅಸಿಟಿಕ್ ಆಮ್ಲದ್ದು 6ರ ಆಸುಪಾಸು. ಅಷ್ಟು ಬೇರೆಯಾದ ಎರಡು ನೆಲಗಳಲ್ಲಿ ಅಯಾನು ಒಂದೇ ತೆರನಾಗಿ ಇರುವುದಿಲ್ಲ.

ದಾರಿಯೊಂದನ್ನು ಕೊಟ್ಟದ್ದು ಫೆರೋಸೀನ್. ಎರಡು ಇಂಗಾಲದ ಉಂಗುರಗಳ ನಡುವೆ ಕಬ್ಬಿಣದ ಒಂದು ಪರಮಾಣು. 1951ರಲ್ಲಿ ಕಂಡುಬಂದ ಕಿತ್ತಳೆ ಬಣ್ಣದ ಪುಡಿ. ಎಲೆಕ್ಟ್ರಾನ್ ಕೊಟ್ಟರೂ ಪಡೆದರೂ ಕಬ್ಬಿಣ ಉಂಗುರಗಳ ನಡುವೆಯೇ ಅವಿತಿರುವುದರಿಂದ ಸುತ್ತಲಿನ ದ್ರಾವಕ ಯಾವುದಾದರೂ ಅದಕ್ಕೆ ಹೆಚ್ಚು ತಾಗದು ಎಂಬ ನಂಬಿಕೆ. ನಂಬಿಕೆ ಎಂದೇ ಹೇಳಬೇಕು, ಪೂರ್ತಿ ರುಜುವಾತಿಲ್ಲ. ರಸಾಯನವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ 1984ರಲ್ಲಿ, ಜಲೇತರ ದ್ರಾವಣದ ಯಾವ ವಿಭವವನ್ನೂ ಫೆರೋಸೀನಿನಂಥ ಒಪ್ಪಿತ ಆಧಾರವೊಂದಕ್ಕೆ ಹೋಲಿಸಿಯೇ ವರದಿ ಮಾಡಿ ಎಂದು ಶಿಫಾರಸು ಮಾಡಿತು. ಅಂದರೆ ಅಂಕಿ ಬರೆದ ಮೇಲೆ 'ಇಂಥದ್ದರಿಂದ' ಎಂದು ಬರೆಯದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಅದಕ್ಕೇ ಪುಸ್ತಕದಲ್ಲಿ ವಿಭವದ ಬೆನ್ನಿಗೆ ವಿಭವಾಂತರ ಬರುವುದು. ಮೀಟರು ಎಂದೂ ವಿಭವವನ್ನು ತೋರಿಸದು, ಅಂತರವನ್ನು ಮಾತ್ರ ತೋರಿಸುತ್ತದೆ. ಎರಡು ವಿದ್ಯುದಗ್ರವಿಲ್ಲದೆ ಅಳತೆ ನಡೆಯದು. ಹರಡುವ 'ವಿ' ಹಿಡಿದು ಪದ ಕಟ್ಟಿದವರು ಬಲವನ್ನು ಕಂಡರು. ಬೇರ್ಪಡಿಸುವ 'ವಿ' ಕೂಡ ಒಳಗೇ ಉಳಿದಿದೆ ಎಂದು ನನಗೆ ಅನಿಸುತ್ತದೆ, ಏಕೆಂದರೆ ಎರಡು ಕಡೆ ಬೇರೆಯಾಗಿ ನಿಲ್ಲದೆ ವಿಭವಕ್ಕೆ ಕೆಲಸವಿಲ್ಲ. ವ್ಯುತ್ಪತ್ತಿಯ ನಿಯಮ ಇದನ್ನು ಒಪ್ಪದಿರಬಹುದು. ಆದರೂ ಕಡೇಚೂರಿನ ಕೋಣೆಯಲ್ಲಿ ಎಂವಿ ಓದುವವರಿಗೆ ಈ ಎರಡನೆಯ ಅರ್ಥವೇ ಹೆಚ್ಚು ಕೆಲಸಕ್ಕೆ ಬರುವುದು.

ಕನ್ನಡದ ವಿಭವ ಎಸ್ಸೆಸ್ಸೆಲ್ಸಿಯ ಬಾಗಿಲಲ್ಲೇ ನಿಂತುಬಿಡುತ್ತದೆ. ಪಿಯುಸಿಯಲ್ಲಿ ರಸಾಯನ ವಿಜ್ಞಾನ ಹೆಚ್ಚಾಗಿ ಇಂಗ್ಲಿಷಿನಲ್ಲಿ. ವಿದ್ಯುತ್ ರಸಾಯನದ ಅಧ್ಯಾಯ ಎರಡನೆಯ ವರ್ಷದಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಯಾದಗಿರಿ, ಶಹಾಪುರ, ಸುರಪುರದ ಮಕ್ಕಳಿಗೆ ಆ ಅಧ್ಯಾಯ ಶುರು ಮಾಡುವ ದಿನ ಮೇಷ್ಟ್ರು ಬೋರ್ಡಿನ ಮೇಲೆ ಪೊಟೆನ್ಶಿಯಲ್ ಎಂದು ಬರೆದು ಪಕ್ಕದಲ್ಲೇ ವಿಭವ ಎಂದೂ ಬರೆಯಲಿ. ಅದರ ಕೆಳಗೆ ಹೈಡ್ರೋಜನ್ನಿಗೆ ಒಂದು ಸೊನ್ನೆ, ಫೆರೋಸೀನಿಗೆ ಇನ್ನೊಂದು ಸೊನ್ನೆ ಹಾಕಿ, ಇವೆರಡರ ನಡುವೆ ಎಷ್ಟು ಅಂತರ, ಯಾವ ದ್ರಾವಕದಲ್ಲಿ ಎಂದು ಮಕ್ಕಳನ್ನೇ ಕೇಳಲಿ. ಪ್ರಮಾಣ ಅಂಕಿಗಳ ಪಟ್ಟಿ ಆಮೇಲೆ ಬರಲಿ.